ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ, ಬಿಲ್ಲು 200 ಯೂನಿಟ್ ದಾಟುತ್ತದೆ: ಯಾವುದನ್ನು ನಾನೇ ಸರಿಪಡಿಸಬಹುದು?

ಪ್ರಶ್ನೆ: ನಾನು ದಾವಣಗೆರೆಯಲ್ಲಿರುವ ನಿವೃತ್ತ ಶಿಕ್ಷಕ. 1999ರಲ್ಲಿ ಕಟ್ಟಿಸಿದ ಮನೆ, ವೈರಿಂಗ್ ಕೂಡ ಆಗಿನದೇ. ಕೆಲವು ವಾರಗಳಿಂದ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದೆ, ವಾಷಿಂಗ್ ಮಷಿನ್ನಿನ ಮೈ ಮುಟ್ಟಿದರೂ ಹಾಗೆಯೇ. ಗೀಸರಿನ ಪ್ಲಗ್ ಕಪ್ಪಾಗಿದೆ, ಅಡುಗೆಮನೆಯ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಆಗಾಗ ಬೀಳುತ್ತದೆ, ನಡುಮನೆಯ ಫ್ಯಾನ್ ನಿಧಾನವಾಗಿದೆ. ಮೂರು ತಿಂಗಳಿಂದ ಬಳಕೆ 200 ಯೂನಿಟ್ ದಾಟಿ ಗೃಹಜ್ಯೋತಿಯ ಉಚಿತ ವಿದ್ಯುತ್ ಸಿಗದೆ ಪೂರ್ತಿ ಬಿಲ್ ಕಟ್ಟುತ್ತಿದ್ದೇನೆ. ಸಣ್ಣ ಕೆಲಸಗಳಿಗೆ ವೈರ್‌ಮನ್‌ಗಳು ಬರುವುದಿಲ್ಲ. ನನ್ನಲ್ಲಿ ಟೆಸ್ಟರ್, ಮಲ್ಟಿಮೀಟರ್ ಮತ್ತು ಸಾಮಾನ್ಯ ಉಪಕರಣಗಳಿವೆ. ಇವುಗಳಲ್ಲಿ ಯಾವುದನ್ನು ನಾನೇ ಮಾಡಬಹುದು? ಬಿಲ್ ಇಳಿಸಲು ಸೋಲಾರ್ ಹಾಕಿಸಿದರೆ ಒಳ್ಳೆಯದೇ?

ಉತ್ತರ: ಮಾನ್ಯರೇ,

ನೀವು ಎಲ್ಲ ದೋಷಗಳನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಅವುಗಳ ತೂಕ ಒಂದೇ ಅಲ್ಲ. ಫ್ಯಾನ್ ನಿಧಾನವಾಗಿರುವುದು ಇನ್ನೂ ಒಂದು ವರ್ಷ ಹಾಗೆಯೇ ಇದ್ದರೂ ಯಾರಿಗೂ ಅಪಾಯವಿಲ್ಲ. ನಲ್ಲಿ ಜುಮ್ಮೆನ್ನುವುದು ಮಾತ್ರ ನಾಳೆಗೆ ಬಿಡುವಂಥದ್ದಲ್ಲ. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಗೀಸರಿನ ಎಂಸಿಬಿಯನ್ನು ಆಫ್ ಮಾಡಿ, ಅದರ ಪ್ಲಗ್ಗನ್ನು ಒಣಗಿದ ಕೈಯಿಂದ ಸಾಕೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ ಕರೆಂಟ್ ತರುವ ಫೇಸ್ ತಂತಿಯೊಂದನ್ನೇ ಕಡಿಯುತ್ತದೆ, ಅದನ್ನು ಮರಳಿಸುವ ನ್ಯೂಟ್ರಲ್ ತಂತಿಯನ್ನಲ್ಲ. ಹಳೆಯ ಮನೆಗಳಲ್ಲಿ ಕೆಲವೊಮ್ಮೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿ ಅದು ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರುವುದೂ ಉಂಟು. ಪ್ಲಗ್ ತೆಗೆದ ಮೇಲೆ ಒಂದೆರಡು ದಿನ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ಲನ್ನು ದಯವಿಟ್ಟು ಬಳಸಬೇಡಿ, ಏಕೆಂದರೆ ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ಸರಿಯಿಲ್ಲದ ಮನೆಯಲ್ಲಿ ಅದಕ್ಕಿಂತ ಅಪಾಯಕಾರಿಯಾದ ಉಪಕರಣ ಇನ್ನೊಂದಿಲ್ಲ.

ಈಗ ಆ ಜುಮ್ಮೆನ್ನುವಿಕೆಯ ಅರ್ಥವೇನು ಎಂಬುದನ್ನು ನೋಡೋಣ. ಅದಕ್ಕೆ ಎರಡು ಬೇರೆಬೇರೆ ಕಾರಣಗಳಿರಬಹುದು. ಮೊದಲನೆಯದು ಗೀಸರಿನ ಹೀಟಿಂಗ್ ಎಲಿಮೆಂಟ್. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಎಲಿಮೆಂಟಿನ ಲೋಹದ ಕೊಳವೆಯ ಮೇಲೆ ಪದರಪದರವಾಗಿ ಕಟ್ಟುತ್ತದೆ. ಒಳಗಿನ ಶಾಖ ನೀರಿಗೆ ಸುಲಭವಾಗಿ ದಾಟಲಾರದೆ ಕೊಳವೆ ವಿಪರೀತ ಕಾದು ಕೊನೆಗೆ ಬಿರುಕು ಬಿಡುತ್ತದೆ. ಆ ಬಿರುಕಿನ ಮೂಲಕ ಒಳಗಿನ ವಿದ್ಯುತ್ತು ನೀರಿಗೂ, ತೊಟ್ಟಿಯ ಮೈಗೂ, ಅಲ್ಲಿಂದ ಸ್ಟೀಲ್ ಹೆಣಿಗೆಯ ಕೊಳವೆ ಮತ್ತು ನಲ್ಲಿಗಳಿಗೂ ಹರಿಯುತ್ತದೆ. ಎರಡನೆಯ ಕಾರಣ ಇದಕ್ಕಿಂತ ಸೌಮ್ಯವಾದದ್ದು. ವಾಷಿಂಗ್ ಮಷಿನ್, ಕಂಪ್ಯೂಟರ್ ಮುಂತಾದ ಎಲೆಕ್ಟ್ರಾನಿಕ್ ಭಾಗಗಳಿರುವ ಉಪಕರಣಗಳಲ್ಲಿ ವಿದ್ಯುತ್ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಜೋಡಣೆಯಾಗಿರುತ್ತವೆ. ಅರ್ತ್ ತಂತಿ ಸರಿಯಾಗಿದ್ದಾಗ ಅವು ಸೋರಿಸುವ ಅತ್ಯಲ್ಪ ಕರೆಂಟ್ ಸದ್ದಿಲ್ಲದೆ ನೆಲ ಸೇರುತ್ತದೆ. ಅರ್ತ್ ತುಂಡಾಗಿದ್ದಾಗ ಮಷಿನ್ನಿನ ಮೈ ಸುಮಾರು 115 ವೋಲ್ಟಿನಲ್ಲಿ, ಅಂದರೆ ಪೂರೈಕೆಯ 230 ವೋಲ್ಟಿನ ಅರ್ಧದಲ್ಲಿ ತೇಲುತ್ತಿರುತ್ತದೆ. ಟೆಸ್ಟರ್ ಇಟ್ಟರೆ ಬೆಳಗುತ್ತದೆ, ಮುಟ್ಟಿದರೆ ಜುಮ್ಮೆನ್ನುತ್ತದೆ, ಆದರೆ ಆ ಕರೆಂಟ್ ತಾನಾಗಿ ಪ್ರಾಣ ತೆಗೆಯುವಷ್ಟಿರುವುದಿಲ್ಲ.

ಈ ಎರಡನ್ನು ಕೈಯ ಅನುಭವದಿಂದ ಬೇರ್ಪಡಿಸಲು ಸಾಧ್ಯವಿಲ್ಲ, ಟೆಸ್ಟರಿನಿಂದಲೂ ಸಾಧ್ಯವಿಲ್ಲ. ಒಣಗಿದ ಕಾಲಿಗೆ ಚಪ್ಪಲಿ ಹಾಕಿಕೊಂಡು ಮುಟ್ಟಿದಾಗ ಬರಿಯ ಜುಮ್ಮೆನ್ನುವ ನಲ್ಲಿ, ಮೈಯೆಲ್ಲ ನೀರಾಗಿ ಬರಿಗಾಲಲ್ಲಿ ನಿಂತಾಗ ಪ್ರಾಣಾಂತಿಕವಾಗಬಹುದು. ನಿಮ್ಮ ವಿವರಣೆಯಲ್ಲಿ ನನಗೆ ಎದ್ದು ಕಂಡದ್ದು ಏನೆಂದರೆ, ಎರಡು ಪ್ರತ್ಯೇಕ ಸ್ಥಳಗಳಲ್ಲಿ, ಎರಡು ಪ್ರತ್ಯೇಕ ಉಪಕರಣಗಳಲ್ಲಿ ಒಂದೇ ಸಮಯಕ್ಕೆ ಈ ಲಕ್ಷಣ ಕಾಣಿಸಿಕೊಂಡಿದೆ. ಎರಡು ಯಂತ್ರಗಳು ಒಂದೇ ವಾರದಲ್ಲಿ ಕೆಡುವುದಕ್ಕಿಂತ, ಅವೆರಡನ್ನೂ ಕಾಯಬೇಕಾದ ಅರ್ತಿಂಗ್ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಗೀಸರಿನಲ್ಲಿ ಸೋರಿದ ಕರೆಂಟ್ ಅರ್ತ್ ತಂತಿಯ ಹಾದಿಯಲ್ಲೇ ವಾಷಿಂಗ್ ಮಷಿನ್ನಿನ ಮೈಗೂ ಬರುತ್ತದೆ, ಏಕೆಂದರೆ ಮನೆಯೊಳಗೆ ಎಲ್ಲ ಉಪಕರಣಗಳ ಅರ್ತ್ ತಂತಿಗಳೂ ಒಂದಕ್ಕೊಂದು ಕೂಡಿಯೇ ಇರುತ್ತವೆ. ನೆಲಕ್ಕೆ ಇಳಿಯುವ ಕೊನೆಯ ಕೊಂಡಿ ಮಾತ್ರ ಕಳಚಿರುತ್ತದೆ.

ಆ ಕೊನೆಯ ಕೊಂಡಿಯನ್ನು ಕಣ್ಣಿನಿಂದ ಪರೀಕ್ಷಿಸುವ ಕೆಲಸವನ್ನು ನೀವೇ ಮಾಡಬಹುದು. ಮೀಟರ್ ಬೋರ್ಡಿನಿಂದ ಹೊರಟ ಅರ್ತ್ ತಂತಿ, ಸಾಮಾನ್ಯವಾಗಿ 8 ನಂಬರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಗೋಡೆಯ ಪಕ್ಕದಲ್ಲಿ ಎಲ್ಲಿಗೆ ಹೋಗಿದೆ ಎಂದು ನೋಡಿ. ಮುಟ್ಟದೆ ನೋಡಿ, ಏಕೆಂದರೆ ಕಳಚಿಕೊಂಡ ಅರ್ತ್ ತಂತಿಯಲ್ಲಿಯೂ ಕರೆಂಟ್ ಇರಬಹುದು. 25 ವರ್ಷದಲ್ಲಿ ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಅರ್ತ್ ಪೈಪನ್ನು ಹೂತ ಗುಂಡಿಯೇ ಮುಚ್ಚಿಹೋದ ಮನೆಗಳನ್ನು, ಪೈಪಿಗೆ ತಂತಿ ಕಟ್ಟಿದ ಬೋಲ್ಟ್ ತುಕ್ಕು ಹಿಡಿದು ಪುಡಿಯಾದ ಮನೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬುವುದು ನಮ್ಮ ಹಳೆಯ ರೂಢಿ. ಉಪ್ಪು ತೇವವನ್ನು ಹಿಡಿದಿಡುವುದು ನಿಜ, ಆದರೆ ಅದೇ ಉಪ್ಪು ಪೈಪನ್ನು ಬೇಗ ತಿನ್ನುತ್ತದೆ ಎಂಬುದು ಅಷ್ಟೇ ನಿಜ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕದೆ ಬಿಟ್ಟರೆ ಒಣ ಮಣ್ಣಿನ ರೋಧ ಹಲವು ಪಟ್ಟು ಏರುತ್ತದೆ.

ಅರ್ತಿಂಗಿನ ಗುಣಮಟ್ಟವನ್ನು ಅಳೆಯುವ ಕೆಲಸವನ್ನು ಮಾತ್ರ ನೀವು ಮಾಡಬೇಡಿ. ಸಾಕೆಟ್ಟಿನ ಫೇಸ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ 230 ವೋಲ್ಟ್ ತೋರಿಸಿದರೆ ಅರ್ತ್ ಚೆನ್ನಾಗಿದೆ ಎಂದು ಅನೇಕರು ನಂಬುತ್ತಾರೆ. ಮಲ್ಟಿಮೀಟರ್ ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ಅರೆಜೀವವಾದ ಅರ್ತ್ ಕೂಡ ಅದಕ್ಕೆ ಪೂರ್ಣ ವೋಲ್ಟೇಜ್ ತೋರಿಸಿಬಿಡುತ್ತದೆ. ಇನ್ನು ಕೆಲವರು ಹೋಲ್ಡರಿಗೆ ಎರಡು ತಂತಿ ಕಟ್ಟಿ 100 ವ್ಯಾಟಿನ ಬಲ್ಬನ್ನು ಫೇಸ್ ಮತ್ತು ಅರ್ತ್ ನಡುವೆ ಉರಿಸಿ ನೋಡುತ್ತಾರೆ. ಈ ವಿಧಾನ ವೈರ್‌ಮನ್‌ಗಳಲ್ಲಿ ಬಹಳ ಬಳಕೆಯಲ್ಲಿದೆ, ಆದರೆ ಗುಂಡಿಯ ಬಳಿ ತಂತಿ ತುಂಡಾಗಿದ್ದರೆ ಆ ಬಲ್ಬಿನ ಮೂಲಕ ಹರಿದ ಕರೆಂಟ್ ಮನೆಯ ಎಲ್ಲ ಫ್ರಿಜ್, ಗೀಸರ್, ಮಿಕ್ಸಿಗಳ ಲೋಹದ ಮೈಗೆ ಬಂದು ನಿಲ್ಲುತ್ತದೆ. ಆ ಕ್ಷಣದಲ್ಲಿ ಇನ್ನೊಂದು ಕೋಣೆಯಲ್ಲಿ ಯಾರಾದರೂ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದರೆ ಏನಾಗಬಹುದೆಂದು ಯೋಚಿಸಿ. ಅರ್ತ್ ಟೆಸ್ಟರ್ ಎಂಬ ಪ್ರತ್ಯೇಕ ಉಪಕರಣವಿದೆ. ಅದನ್ನು ತರುವ ವೈರ್‌ಮನ್‌ನನ್ನೇ ಕರೆಯಿರಿ.

ಅವರು ಬಂದಾಗಲೇ ಮಾಡಿಸಬೇಕಾದ ಎರಡನೆಯ ಕೆಲಸ, ಮೇನ್ ಸ್ವಿಚ್ಚಿನ ನಂತರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸುವುದು. ಅಂಗಡಿಯಲ್ಲಿ ಇದನ್ನು ಇಎಲ್‌ಸಿಬಿ ಎಂದೇ ಕೇಳುತ್ತಾರೆ, ಕೊಡುವುದು ಆರ್‌ಸಿಸಿಬಿಯನ್ನೇ. ನಿಮ್ಮ ಮನೆಯಲ್ಲಿ ಎಂಸಿಬಿಗಳಿವೆ, ಆದರೆ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿಗೆ, ಒಬ್ಬ ಮನುಷ್ಯನ ಎದೆಯ ಮೂಲಕ 100 ಮಿಲಿಆಂಪಿಯರ್ ಹರಿಯುತ್ತಿರುವುದು ಒಂದು ಸಣ್ಣ ಬಲ್ಬು ಉರಿದಷ್ಟೇ ಲೆಕ್ಕ, ಆ ಮನುಷ್ಯನಿಗೆ ಅದು ಸಾವು. ಆರ್‌ಸಿಸಿಬಿ ಹಾಗಲ್ಲ. ಅದು ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿಯಾಗಿ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಸದಾ ತೂಗಿ ನೋಡುತ್ತಿರುತ್ತದೆ, 30 ಮಿಲಿಆಂಪಿಯರಿನಷ್ಟು ಎಲ್ಲಿಯಾದರೂ ಸೋರಿದರೆ ಕಣ್ಣೆವೆ ಬಡಿಯುವಷ್ಟರಲ್ಲಿ ಮನೆಯ ಸಂಪರ್ಕವನ್ನೇ ಕಡಿದುಹಾಕುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಕಾಯಲಾರದು, ಉಳಿದ ಬಹುಪಾಲು ಸಂದರ್ಭಗಳಲ್ಲಿ ಕಾಯುತ್ತದೆ. ಅರ್ತ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ, ಆದರೆ ಆಗ ಕರೆಂಟ್ ಸೋರಲು ಮನುಷ್ಯನ ಮೈಯೇ ಹಾದಿಯಾಗಬೇಕಾಗುತ್ತದೆ. ಅರ್ತ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಎರಡೂ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಹಳೆಯ ಮನೆಗೆ ಆರ್‌ಸಿಸಿಬಿ ಹಾಕಿದ ಮರುದಿನವೇ ಅದು ಪದೇಪದೇ ಬೀಳಲು ಶುರುವಾಗುವುದು ಸಾಮಾನ್ಯ, ಮತ್ತು ಎಲ್ಲ ಕೆಡುವುದೂ ಅಲ್ಲಿಯೇ. ಬೇಸತ್ತ ಮನೆಯವರು ಅದನ್ನು ತೆಗೆಸಿಹಾಕುತ್ತಾರೆ, ಇಲ್ಲವೇ ವೈರ್‌ಮನ್ ಒಂದು ತುಂಡು ತಂತಿಯಿಂದ ಅದನ್ನು ಬಳಸಿ ಹೋಗುವ ದಾರಿ ಮಾಡಿಕೊಡುತ್ತಾನೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಅದು ಬೀಳುತ್ತಿರುವುದು ಇಷ್ಟು ವರ್ಷ ಕಾಣದೆ ಇದ್ದ ದೋಷ ಈಗ ಕಾಣುತ್ತಿರುವುದರಿಂದ. ಹಿಂದೆ ಯಾರೋ ಒಂದು ಕೋಣೆಯಲ್ಲಿ ನ್ಯೂಟ್ರಲ್ ಸಿಗಲಿಲ್ಲವೆಂದು ಅರ್ತ್ ತಂತಿಯನ್ನೇ ನ್ಯೂಟ್ರಲ್ ಆಗಿ ಬಳಸಿರಬಹುದು, ಯುಪಿಎಸ್‌ನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ಲಿನೊಂದಿಗೆ ತಪ್ಪು ಜಾಗದಲ್ಲಿ ಕೂಡಿಸಿರಬಹುದು, ಮಳೆಗಾಲದಲ್ಲಿ ಹೊರಗೋಡೆಯ ಬೋರ್ಡಿಗೆ ತೇವ ಇಳಿಯುತ್ತಿರಬಹುದು. ಕಾರಣ ಹುಡುಕುವಾಗ ಒಂದು ಸೂಕ್ಷ್ಮವನ್ನು ನೆನಪಿಡಿ: ಎಲ್ಲ ಎಂಸಿಬಿಗಳನ್ನು ಇಳಿಸಿದರೂ ಆರ್‌ಸಿಸಿಬಿ ಮೇಲೇರಿ ನಿಲ್ಲದೆ ಬೀಳುತ್ತಿದ್ದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಒಂಟಿ ಪೋಲಿನ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಮತ್ತು ಅರ್ತ್ ಎಲ್ಲಿಯೋ ತಾಗಿಕೊಂಡಿದ್ದರೆ ಆ ದೋಷ ಹಾಗೆಯೇ ಉಳಿದಿರುತ್ತದೆ. ಮೊದಲು ಎಲ್ಲ ಪ್ಲಗ್ಗುಗಳನ್ನು ಕಿತ್ತು ಒಂದೊಂದಾಗಿ ಹಾಕುತ್ತ ಹೋಗುವುದನ್ನು ನೀವೇ ಮಾಡಬಹುದು. ಅದರಲ್ಲಿ ಸಿಗದಿದ್ದರೆ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡುವುದು ವೈರ್‌ಮನ್ನಿನ ಕೆಲಸ.

ನಿಮ್ಮ ಕೆಲಸ ಮತ್ತು ಅವರ ಕೆಲಸದ ನಡುವಿನ ಈ ಗಡಿಯನ್ನು ನಾನು ಮನಸ್ಸಿಗೆ ಬಂದಂತೆ ಎಳೆಯುತ್ತಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ಮನೆಯ ವಿದ್ಯುತ್ ಕಾಮಗಾರಿಯನ್ನು ಪರವಾನಗಿ ಇರುವ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂದು ವಿಧಿಸುತ್ತಲೇ, ವ್ಯವಸ್ಥೆಯ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಬದಲಿಸದಂತೆ ಬಲ್ಬು, ಫ್ಯಾನ್, ಫ್ಯೂಸ್, ಸ್ವಿಚ್ ಮತ್ತು ಗೃಹೋಪಕರಣಗಳನ್ನು ಬದಲಿಸುವುದಕ್ಕೆ ವಿನಾಯಿತಿ ಕೊಟ್ಟಿತ್ತು. ಮುಂದೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಮಾಡಿದ ಸುರಕ್ಷತಾ ನಿಯಮಗಳೂ ಇದೇ ವಿವೇಕವನ್ನು ಉಳಿಸಿಕೊಂಡಿವೆ. ಹಳೆಯದರ ಜಾಗಕ್ಕೆ ಅದೇ ಅಳತೆಯ ಹೊಸದನ್ನು ಹಾಕುವುದು ನಿಮ್ಮದು, ಹೊಸ ತಂತಿ ಎಳೆಯುವುದು, ಹೊಸ ಪಾಯಿಂಟ್ ಮಾಡುವುದು, ಮೇನ್ ಬೋರ್ಡಿಗೆ ಕೈ ಹಾಕುವುದು ಅವರದು. ಮೀಟರ್ ಮತ್ತು ಅದರ ಸೀಲ್ ಇಬ್ಬರದೂ ಅಲ್ಲ, ಅದು ಬೆಸ್ಕಾಂನದು.

ನಿಮ್ಮ ಪಾಲಿನ ಕೆಲಸಕ್ಕೆ ಇಳಿಯುವ ಮೊದಲು, ತಂತಿಯಲ್ಲಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮೇನ್ ಆಫ್ ಮಾಡಿದ್ದೆ ಎಂಬ ಧೈರ್ಯದಲ್ಲೇ ಅನೇಕರು ಶಾಕ್ ಹೊಡೆಸಿಕೊಂಡಿದ್ದಾರೆ. ನಮ್ಮ ಮನೆಗಳಲ್ಲಿ ಯುಪಿಎಸ್ ಸಾಮಾನ್ಯ. ಮೇನ್ ಇಳಿಸಿದ ಕೂಡಲೇ ಯುಪಿಎಸ್ ಅದನ್ನು ಕರೆಂಟ್ ಹೋಯಿತೆಂದು ತಿಳಿದು ಲೈಟು ಮತ್ತು ಫ್ಯಾನ್ ಲೈನಿಗೆ 230 ವೋಲ್ಟ್ ಕೊಡಲು ಆರಂಭಿಸುತ್ತದೆ. ಇನ್ನು ಯುಪಿಎಸ್‌ನ ಮುಂದಿನ ಬಟನ್ ಮಾತ್ರ ಆರಿಸಿ ಮೇನ್ ಹಾಗೆಯೇ ಬಿಟ್ಟರೆ, ಅನೇಕ ಮಾದರಿಗಳಲ್ಲಿ ಮೇನಿನ ಕರೆಂಟ್ ಅದರೊಳಗಿಂದ ನೇರವಾಗಿ ಹಾದುಹೋಗುತ್ತದೆ. ಎರಡನ್ನೂ ಆರಿಸಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅನುಭವಿಯೊಬ್ಬರು ಮೇನ್ ಇಳಿಸಿ ಫ್ಯಾನ್ ಬಿಚ್ಚುವಾಗ ಯುಪಿಎಸ್ ಲೈನಿನಿಂದ ಶಾಕ್ ತಗುಲಿ ಏಣಿಯಿಂದ ಬಿದ್ದು ಭುಜ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಯುಪಿಎಸ್ ಇರುವ ಮನೆಯಲ್ಲಿ ಎರಡನ್ನೂ ನಾನೇ ನೋಡಿ ಆರಿಸದೆ ಏಣಿ ಹತ್ತಿಲ್ಲ.

ಟೆಸ್ಟರಿನ ಮಾತೂ ಎಚ್ಚರಿಕೆಯಿಂದ ಕೇಳಬೇಕಾದದ್ದು. ಸಾಕೆಟ್ಟಿನ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಬೆಳಗುತ್ತದೆ, ಆದರೆ ಯಾವ ಉಪಕರಣವೂ ನಡೆಯುವುದಿಲ್ಲ ಎಂಬ ದೂರು ನಿಮಗೂ ಪರಿಚಿತವಿರಬಹುದು. ಅದು ನ್ಯೂಟ್ರಲ್ ತುಂಡಾದ ಲಕ್ಷಣ. ಎಲ್ಲಿಯೋ ಆನ್ ಇರುವ ಒಂದು ಬಲ್ಬಿನ ಮೂಲಕ ಫೇಸ್ ಹಾದು ಬಂದು, ತುಂಡಾದ ನ್ಯೂಟ್ರಲ್ ತಂತಿಯಲ್ಲಿ ನಿಂತಿರುತ್ತದೆ. ಕಪ್ಪು ತಂತಿ ನ್ಯೂಟ್ರಲ್, ಅದರಲ್ಲಿ ಏನೂ ಇರುವುದಿಲ್ಲ ಎಂದು ಕೈ ಹಾಕಿದವರಿಗೆ ಪೂರ್ಣ 230 ವೋಲ್ಟ್ ತಗುಲುತ್ತದೆ. ಆದ್ದರಿಂದ ಕರೆಂಟ್ ಇರುವಾಗಲೇ ಆ ಪಾಯಿಂಟಿನಲ್ಲಿ ಮಲ್ಟಿಮೀಟರ್ ಇಟ್ಟು ಅದು 230 ತೋರಿಸುವುದನ್ನು ನೋಡಿ, ನಂತರ ಮೇನ್ ಮತ್ತು ಯುಪಿಎಸ್ ಎರಡನ್ನೂ ಆರಿಸಿ, ಅದೇ ಜಾಗದಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೂರು ಬಾರಿಯೂ ಸೊನ್ನೆ ಬಂದ ಮೇಲೆಯೇ ಸ್ಕ್ರೂ ಬಿಚ್ಚಿ. ನಿಮ್ಮ ಮನೆಯಲ್ಲಿ ಅರ್ತಿನ ಮೇಲೆಯೇ ಅನುಮಾನವಿರುವುದರಿಂದ, ಈ ಸ್ಕ್ರೂ ಬಿಚ್ಚುವ ಕೆಲಸಗಳನ್ನು ಅರ್ತಿಂಗ್ ಸರಿಯಾದ ನಂತರಕ್ಕೆ ಇಟ್ಟುಕೊಳ್ಳಿ.

ಆಮೇಲೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕಪ್ಪಾದ ಗೀಸರ್ ಪ್ಲಗ್. 2 ಕಿಲೋವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಹಿಡಿತ ಸಡಿಲವಾಗಿ ಅಲ್ಲಿ ಅರ್ಧ ಓಮ್‌ನಷ್ಟು ರೋಧ ಹುಟ್ಟಿಕೊಂಡರೂ ಸಾಕು, ಆ ಒಂದೇ ಬಿಂದುವಿನಲ್ಲಿ 38 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಾಮಾನ್ಯ ಸೋಲ್ಡರಿಂಗ್ ಕಡ್ಡಿಯ ಶಾಖ ಅದಕ್ಕಿಂತ ಹೆಚ್ಚೇನಲ್ಲ. ಒಟ್ಟು ಕರೆಂಟ್ ಹೆಚ್ಚಾಗುವುದಿಲ್ಲವಾದ್ದರಿಂದ ಎಂಸಿಬಿಗೆ ಇದು ಗೊತ್ತಾಗುವುದೇ ಇಲ್ಲ, ಆರ್‌ಸಿಸಿಬಿಗೂ ಇಲ್ಲ. ಇದನ್ನು ಕಂಡುಹಿಡಿಯುವ ಸಾಧನಗಳೆಂದರೆ ಮನೆಯವರ ಕಣ್ಣು ಮತ್ತು ಮೂಗು. ಪ್ಲಗ್ ಟಾಪ್ ಮತ್ತು ಸಾಕೆಟ್ ಎರಡನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಸುಟ್ಟ ಸಾಕೆಟ್ಟಿನ ಹಿತ್ತಾಳೆ ಪಟ್ಟಿ ಸ್ಪ್ರಿಂಗಿನ ಗುಣ ಕಳೆದುಕೊಂಡು ಹೊಸ ಪ್ಲಗ್ಗನ್ನೂ ಸುಡುತ್ತದೆ. ಐಎಸ್‌ಐ ಗುರುತಿರುವ 16 ಆಂಪಿಯರಿನದನ್ನೇ ತೆಗೆದುಕೊಳ್ಳಿ. ತಂತಿಯ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಎಳೆಗಳನ್ನು ಬಿಗಿಯಾಗಿ ಹೊಸೆದು, ಮಡಿಚಿ ಸ್ಕ್ರೂವಿನಡಿ ಕೂರಿಸಿ, ಬಿಗಿದ ಮೇಲೆ ಎಳೆದು ನೋಡಿ. ಕತ್ತರಿಸಿದ ತಂತಿ ಗಿಡ್ಡವಾದರೆ ಹೊಸೆದು ಟೇಪ್ ಸುತ್ತಿ ಉದ್ದ ಮಾಡಬೇಡಿ, ಅದನ್ನು ವೈರ್‌ಮನ್ನಿಗೆ ಬಿಡಿ. ಗೀಸರಿನ ಲೈನ್ 4 ಚದರ ಮಿಲಿಮೀಟರಿನದೇ ಎಂದು ಅವರಿಂದಲೇ ನೋಡಿಸಿ. 1999ರ ಮನೆಯಲ್ಲಿ ಅದು ತೆಳುವಾದ ತಂತಿಯಾಗಿದ್ದರೆ ಆಶ್ಚರ್ಯವಿಲ್ಲ.

ಅಡುಗೆಮನೆಯ ಎಂಸಿಬಿ ಬೀಳುವ ಬಗ್ಗೆ ನೀವು ಹೆಚ್ಚು ವಿವರ ಬರೆದಿಲ್ಲ. ಏರಿಸಿದ ಕೂಡಲೇ ಪಟ್ಟೆಂದು ಬಿದ್ದರೆ ಶಾರ್ಟ್, ಮಿಕ್ಸಿ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಹಚ್ಚಿ ಕಾಲು ಗಂಟೆಯ ನಂತರ ಬಿದ್ದರೆ ಅತಿಯಾದ ಹೊರೆ, ಅಷ್ಟು ಹೊರೆಯಿಲ್ಲದೆಯೂ ಬಿದ್ದರೆ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅದೇ ಬಿಸಿಯಾಗುತ್ತಿರಬಹುದು. ಯಾವ ಕಾರಣಕ್ಕೂ 16 ಆಂಪಿಯರಿನ ಜಾಗಕ್ಕೆ 32 ಆಂಪಿಯರಿನದನ್ನು ಹಾಕಿಸಿಕೊಳ್ಳಬೇಡಿ. ಗೋಡೆಯೊಳಗಿನ 2.5 ಚದರ ಮಿಲಿಮೀಟರಿನ ತಂತಿ ಹಾಗೆಯೇ ಇರುತ್ತದೆ, ಎಂಸಿಬಿ ಬೀಳುವುದು ನಿಂತು ತಂತಿಯೇ ಬೇಯಲು ಶುರುವಾಗುತ್ತದೆ.

ಫ್ಯಾನ್ ನಿಧಾನವಾಗುವುದು ಬಹುಮಟ್ಟಿಗೆ ಕಂಡೆನ್ಸರಿನ ದೋಷ. ಮೇಲಿನ ಕಪ್ಪಿನೊಳಗೆ ಅಥವಾ ಮೋಟರಿನ ಮೇಲೆ ಇರುವ ಆ ಸಣ್ಣ ಡಬ್ಬಿಯ ಮೇಲೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ, ಅದೇ ಅಳತೆಯದನ್ನು ತಂದು ಹಾಕಿ. ಬಿಚ್ಚುವ ಮೊದಲು ತಂತಿಗಳ ಜೋಡಣೆಯ ಫೋಟೋ ತೆಗೆದುಕೊಳ್ಳಿ, ಬಿಚ್ಚಿದ ಕಂಡೆನ್ಸರಿನ ತುದಿಗಳನ್ನು ಬರಿಗೈಯಿಂದ ಮುಟ್ಟಬೇಡಿ, ಏಣಿಯನ್ನು ಹಿಡಿಯಲು ಒಬ್ಬರು ಇರಲೇಬೇಕು. ಅಷ್ಟು ಮಾಡುವ ಹೊತ್ತಿಗೆ ಈ ಫ್ಯಾನನ್ನೇ ಬದಲಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಅದು ಬಿಲ್ಲಿಗೆ ಸೇರಿದ ಪ್ರಶ್ನೆ.

ಬಿಲ್ಲಿನ ವಿಷಯದಲ್ಲಿ ನಿಮ್ಮ ಸ್ಥಿತಿ ವಿಶೇಷವಾದದ್ದು. ಗೃಹಜ್ಯೋತಿಯಲ್ಲಿ ನಿಮ್ಮ ಉಚಿತ ಪಾಲು ನಿಗದಿಯಾಗಿರುವುದು 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ. ಉದಾಹರಣೆಗೆ, ಆ ಸರಾಸರಿ 150 ಇದ್ದರೆ ನಿಮ್ಮ ಪಾಲು 165. 190 ಯೂನಿಟ್ ಬಳಸಿದರೆ ಹೆಚ್ಚಾದ 25 ಯೂನಿಟ್‌ಗೆ ಮಾತ್ರ ಹಣ, 201 ಆದರೆ ಇಡೀ 201 ಯೂನಿಟ್‌ಗೆ ಹಣ ಮತ್ತು ಮೇಲೆ ನಿಗದಿತ ಶುಲ್ಕ. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಸ್ಲ್ಯಾಬ್ ಇಲ್ಲದ ಒಂದೇ ದರ ಬಂದಿದೆ. ತೆರಿಗೆ ಮತ್ತಿತರ ಸೇರ್ಪಡೆಗಳೊಂದಿಗೆ ಯೂನಿಟ್‌ಗೆ ಸುಮಾರು ಆರೂವರೆಯಿಂದ ಏಳು ರೂಪಾಯಿ ಎಂದು ಲೆಕ್ಕ ಹಿಡಿದರೆ, 199 ಮತ್ತು 201ರ ನಡುವೆ ಸಾವಿರಕ್ಕೂ ಹೆಚ್ಚು ರೂಪಾಯಿಯ ಅಂತರ ಬೀಳುತ್ತದೆ. ನಿಮಗೆ ಬೇಕಾಗಿರುವುದು ಬಳಕೆಯನ್ನು ಅರ್ಧಕ್ಕಿಳಿಸುವ ದೊಡ್ಡ ಯೋಜನೆಯಲ್ಲ, 30-40 ಯೂನಿಟ್ ಎಲ್ಲಿ ಹೋಗುತ್ತಿದೆ ಎಂದು ಕಂಡುಹಿಡಿಯುವುದು.

ಅದಕ್ಕೆ ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಮುದ್ರಿಸಿರುತ್ತಾರೆ, 3200 ಅಥವಾ 1600 ಸಾಮಾನ್ಯ. 3200ರ ಮೀಟರಿನಲ್ಲಿ ಕೆಂಪು ದೀಪ ಒಂದು ನಿಮಿಷಕ್ಕೆ 16 ಬಾರಿ ಮಿನುಗಿದರೆ, ಗಂಟೆಗೆ 960 ಬಾರಿ ಎಂದಾಗಿ, ಆಗ ಮನೆಯಲ್ಲಿ 300 ವ್ಯಾಟ್ ಬಳಕೆಯಾಗುತ್ತಿದೆ ಎಂದು ತಿಳಿಯುತ್ತದೆ. ರಾತ್ರಿ ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಹತ್ತು ನಿಮಿಷ ಕಿತ್ತು ನೋಡಿ. ಆಮೇಲೂ ದೀಪ ಮಿನುಗುತ್ತಿದ್ದರೆ ಯುಪಿಎಸ್ ಆರಿಸಿ ನೋಡಿ, ಸೆಟ್‌ಟಾಪ್ ಬಾಕ್ಸ್ ಕಿತ್ತು ನೋಡಿ. 10 ವ್ಯಾಟ್ ಎಳೆಯುತ್ತ ಸದಾ ಆನ್ ಇರುವ ಪೆಟ್ಟಿಗೆ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ. ಹಳತಾದ ಯುಪಿಎಸ್ ಬ್ಯಾಟರಿ ಚಾರ್ಜ್ ಹಿಡಿಯದೆ ಹಗಲಿರುಳು ಎಳೆಯುತ್ತಲೇ ಇರಬಹುದು.

ಮೀಟರಿನಲ್ಲಿ ಸಾಮಾನ್ಯವಾಗಿ ಇನ್ನೊಂದು ಸಣ್ಣ ದೀಪ ಅಥವಾ ಗುರುತು ಇರುತ್ತದೆ, ಅದರ ಬಳಿ ಅರ್ತ್ ಅಥವಾ ಇಎಲ್ ಎಂದು ಬರೆದಿರುತ್ತದೆ. ಫೇಸ್ ಮತ್ತು ನ್ಯೂಟ್ರಲ್ಲಿನ ಕರೆಂಟ್ ಸಮವಾಗಿಲ್ಲದಾಗ, ಅಂದರೆ ಎಲ್ಲಿಯೋ ಸೋರುತ್ತಿರುವಾಗ, ಅದು ಬೆಳಗುತ್ತದೆ. ಗೀಸರಿನ ಪ್ಲಗ್ ಹಾಕಿದ್ದಾಗ ಬೆಳಗಿ ಕಿತ್ತಾಗ ಆರುತ್ತದೆಯೇ ಎಂದು ತಿಳಿಯುವುದು ನಿಮ್ಮ ಮನೆಯಲ್ಲಿ ಬಹಳ ಮುಖ್ಯ, ಆದರೆ ಅದನ್ನು ವೈರ್‌ಮನ್ ಬಂದಾಗ ಅವರ ಎದುರಿನಲ್ಲಿ ಮಾಡಿ. ಈಗಿನ ಮೀಟರುಗಳು ಎರಡರಲ್ಲಿ ಹೆಚ್ಚಿರುವ ಕರೆಂಟಿನ ಮೇಲೆಯೇ ಯೂನಿಟ್ ದಾಖಲಿಸುವುದರಿಂದ ಸೋರಿಕೆಗೂ ನೀವು ಹಣ ಕಟ್ಟುತ್ತೀರಿ. ನಿರಂತರವಾಗಿ 100 ಮಿಲಿಆಂಪಿಯರ್ ಸೋರಿದರೆ ತಿಂಗಳಿಗೆ ಸುಮಾರು 16.5 ಯೂನಿಟ್. ಕೆಲವು ವಾರಗಳಿಂದ ಜುಮ್ಮೆನ್ನುತ್ತಿರುವ ನಲ್ಲಿ ಮತ್ತು ಮೂರು ತಿಂಗಳಿಂದ ಏರಿರುವ ಬಿಲ್ಲು ಒಂದೇ ಬೇರಿನಿಂದ ಹುಟ್ಟಿರಬಹುದು ಎಂಬ ಸಂಶಯ ನನಗಿರುವುದು ಇದರಿಂದ. ಆದ್ದರಿಂದಲೇ ಹೊಸ ವಸ್ತು ಏನನ್ನೂ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ ಎನ್ನುತ್ತೇನೆ.

ಅದಾದ ಮೇಲೂ ಬಳಕೆ 200ರ ಮೇಲಿದ್ದರೆ ಫ್ಯಾನ್‌ಗಳ ಕಡೆ ನೋಡಿ. 75 ವ್ಯಾಟಿನ ನಾಲ್ಕು ಹಳೆಯ ಫ್ಯಾನ್‌ಗಳು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 108 ಯೂನಿಟ್, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಎಲೆಕ್ಟ್ರಾನಿಕ್ ಮೋಟರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್‌ಗಳಾದರೆ 43. ನಾಲ್ಕನ್ನೂ ಒಮ್ಮೆಗೇ ಬದಲಿಸಬೇಕಾಗಿಲ್ಲ. ಹೆಚ್ಚು ಹೊತ್ತು ತಿರುಗುವ ಎರಡನ್ನು ಬದಲಿಸಿದರೆ 32 ಯೂನಿಟ್ ಉಳಿಯುತ್ತದೆ, ನಿಮ್ಮ ಲೆಕ್ಕಕ್ಕೆ ಅಷ್ಟೇ ಸಾಕಾಗಬಹುದು. ನಿಧಾನವಾದ ನಡುಮನೆಯ ಫ್ಯಾನ್ ಅದರಲ್ಲಿ ಒಂದಾಗಲಿ. ಬಿಎಲ್‌ಡಿಸಿ ಫ್ಯಾನ್ ಹಾಕುವಾಗ ಗೋಡೆಯ ಹಳೆಯ ರೆಗ್ಯುಲೇಟರನ್ನು ಲೈನಿನಿಂದ ತೆಗೆಯಬೇಕು, ಇಲ್ಲವಾದರೆ ಫ್ಯಾನಿನ ಎಲೆಕ್ಟ್ರಾನಿಕ್ ಭಾಗ ಕೆಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗಳಿಗೆ ನಕ್ಷತ್ರ ಗುರುತು ಕಡ್ಡಾಯವಾಗಿದೆ, ಕೊಳ್ಳುವಾಗ ಅದನ್ನು ನೋಡಿ.

ಗೀಸರ್ ತಾನಾಗಿ ದೊಡ್ಡ ಕಳ್ಳನಲ್ಲ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಸಾಕು. ದಿನವಿಡೀ ಆನ್ ಬಿಟ್ಟಾಗ ಮಾತ್ರ ಬಳಸದ ನೀರು ತಣಿಯುತ್ತ, ಮತ್ತೆ ಕಾಯುತ್ತ ವೃಥಾ ಖರ್ಚಾಗುತ್ತದೆ. ಸಂಪಿನ ಮೋಟರು ಈಚೆಗೆ ಹೆಚ್ಚು ಹೊತ್ತು ಓಡುತ್ತಿದೆಯೇ ಎಂದೂ ಗಮನಿಸಿ. ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕಿನ ವಾಷರ್ ಬದಲಿಸಿದರೆ ನೀರಿನ ಜೊತೆಗೆ ವಿದ್ಯುತ್ತೂ ಉಳಿಯುತ್ತದೆ.

ಸೋಲಾರ್ ಬಗ್ಗೆ ಕೇಳಿದ್ದೀರಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟವಕ್ಕೆ 78,000 ರೂಪಾಯಿ ಸಹಾಯಧನವಿದೆ, ಒಂದು ಕಿಲೋವ್ಯಾಟ್ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ತಿಂಗಳಿಗೆ 300-400 ಯೂನಿಟ್ ಬಳಸುವ ಮನೆಗೆ ಅದನ್ನು ನಾನು ಮನಸ್ಸಿಟ್ಟು ಶಿಫಾರಸು ಮಾಡುತ್ತೇನೆ. ಎರಡು ಫ್ಯಾನ್ ಮತ್ತು ಒಂದು ಸೋರಿಕೆ ಸರಿಪಡಿಸಿದರೆ ಉಚಿತ ಮಿತಿಯೊಳಗೆ ಬರಬಹುದಾದ ನಿಮ್ಮ ಮನೆಗೆ ಈಗ ಆ ಖರ್ಚು ಬೇಡ.

ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ ಎಂಬ ನಿಮ್ಮ ಕಷ್ಟ ನಿಜವಾದದ್ದು. ಅದಕ್ಕೇ ಕೆಲಸಗಳನ್ನು ಒಂದುಗೂಡಿಸಿ, ಒಂದು ಪೂರ್ಣ ದಿನದ ಕೂಲಿಗೆ ಪರವಾನಗಿ ಇರುವ ಗುತ್ತಿಗೆದಾರರನ್ನು ಗೊತ್ತುಮಾಡಿ: ಅರ್ತ್ ಗುಂಡಿಯನ್ನು ಹೊಸದಾಗಿ ಮಾಡಿ ಅಳೆದು ತೋರಿಸುವುದು, ಆರ್‌ಸಿಸಿಬಿ, ಗೀಸರಿನ ಎಲಿಮೆಂಟ್ ಪರೀಕ್ಷೆ, ಗೀಸರ್ ಲೈನಿನ ತಂತಿ, ಅಡುಗೆಮನೆಯ ಎಂಸಿಬಿ. ಅವರು ಹೊರಡುವ ಮೊದಲು ನಿಮ್ಮ ಕೈಯಿಂದಲೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳುವುದನ್ನು ನೋಡಿ, ಮತ್ತೆ ಏರಿಸಿ. ಮೀಟರಿನ ಅರ್ತ್ ದೀಪ ಆರಿದೆಯೇ ಎಂದು ಪರಿಶೀಲಿಸಿ. ಅರ್ತ್ ಅಳತೆ ಮತ್ತು ಗೀಸರಿನ ಎಲಿಮೆಂಟ್ ಪರೀಕ್ಷೆಯ ಜೊತೆಗೆ ಇವೆರಡೂ ಸರಿಯಾಗಿದ್ದರೆ, ಪ್ಲಗ್ ಟಾಪ್ ಮತ್ತು ಸಾಕೆಟ್ ಬದಲಿಸಿದ ಮೇಲೆ, ಗೀಸರನ್ನು ಮತ್ತೆ ಬಳಸಲು ಅಡ್ಡಿಯಿಲ್ಲ.